ಟಾಕಿ ತಟ್ಟುವವನ ಸೀಟು

ಗುಂಜೋಟಿ, ತಾಲೂಕು ಉಮರಗಾ
ಮಾರ್ಚ್ ೧೨

ಸೌಭಾಗ್ಯವತಿ ಅಂಜನಾಬಾಯಿಗೆ ಗಂಡ ಬಕ್ಕಪ್ಪನ ಆಶೀರ್ವಾದ.

ಮೂರನೇ ಇಯತ್ತೆಗೆ ಶಾಲೆ ಬಿಟ್ಟವನ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀ. ಫೋನು ಮಾಡಿದರೆ “ಎಷ್ಟ್ ಒದರ್ತೀರಿ, ಕೂಸು ಮಲಗ್ಯಾದ” ಎಂದು ಕಟ್ ಮಾಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ. ನಿನ್ನ ಮೊಣಕಾಲು ಹೇಗಿದೆ? ಮಗಳು ಸೀಮಾ ಹೊಟ್ಟೆ ತುಂಬ ಉಣ್ಣುತ್ತಾಳೋ? ಮೊಮ್ಮಗನಿಗೆ ನನ್ನ ಮೂಗು ಬಂದಿದೆ ಎಂದೆಯಲ್ಲ, ಅದೊಂದು ಮಾತು ಚಲೋ ಆಡಿದಿ. ಅವಳ ಬಾಣಂತನ ನಮ್ಮ ಮನೆಯಲ್ಲಿ ಆಗಬೇಕಿತ್ತು. ದವಾಖಾನೆ ಹತ್ತಿರ ಎಂದು ನಿನ್ನ ಅಳಿಯ ದಿಗಂಬರ ಅದನ್ನೂ ಉದಗೀರದ ತನ್ನ ಮನೆಯಲ್ಲೇ ಇಟ್ಟುಕೊಂಡ. ಬಾಣಂತನಕ್ಕೆಂದು ನಿನ್ನನ್ನೂ ಒಯ್ದ.

ಕರೆದೊಯ್ಯಲು ಬಂದ ದಿನ ನಮ್ಮ ಹಳೆಯ ಪಿಕಪ್ ಗಾಡಿಯ ಕೆಳಗೆ ತೂರಿ ಅವನು ಮಾಡಿದ್ದನ್ನು ನಾನು ಮರೆತಿಲ್ಲ. ಡೀಸೆಲ್ ತೋರಿಸುವ ಮುಳ್ಳು ಒಂಬತ್ತು ವರ್ಷದಿಂದ ಅರ್ಧಕ್ಕೆ ನಿಂತಿತ್ತು. ಡೀಸೆಲ್ ಟಾಕಿ ತುಂಬಿದರೂ ಅರ್ಧ, ಬರಿದಾದರೂ ಅರ್ಧ. ಅದರಿಂದ ಯಾರ ಗಂಟು ಹೋಗಿತ್ತು? ನಾನಿದ್ದೆನಲ್ಲ! ಗಬ್ಬದ ಕುರಿಯ ಹೊಟ್ಟೆ ಮುಟ್ಟಿ ಇನ್ನೆಷ್ಟು ದಿನ ಎಂದು ಹೇಳುವ ಕೈ ಇದು. ಬೆರಳ ಗಣ್ಣಿನಿಂದ ಟಾಕಿಯನ್ನು ಮೇಲಿಂದ ಕೆಳಗೆ ತಟ್ಟುತ್ತಾ ಬಂದರೆ, ಟಣ್ ಎನ್ನುವ ಸದ್ದು ಎಲ್ಲಿ ದಪ್ಪಗಾಗುತ್ತದೋ ಅಲ್ಲಿಂದ ಕೆಳಗೆ ಡೀಸೆಲ್. ನಿಲಂಗಾ ಮುಟ್ಟುತ್ತದೋ, ಉದಗೀರ ಮುಟ್ಟುತ್ತದೋ, ನಾನು ಹೇಳಿದ ಮೇಲೇ ಮಗ ಸುನಿಲ ಗಾಡಿ ಎಬ್ಬಿಸುತ್ತಿದ್ದ. ಕುರಿ ಹೇರಿಕೊಂಡು ಯಾವ ಬಜಾರಕ್ಕೆ ಹೋದರೂ ಅವನ ಪಕ್ಕದ ಸೀಟು ನನ್ನದು.

ದಿಗಂಬರ ಟಾಕಿ ಇಳಿಸಿದ. ಒಳಗೆ ತೇಲುವ ಬೆಂಡಿನ ಕಡ್ಡಿ ತುಕ್ಕು ಹಿಡಿದು ಸಿಕ್ಕಿಕೊಂಡಿದೆ ಎಂದ. ತೆಗೆದು ಉಜ್ಜಿದ, ವೈರು ಬದಲಿಸಿದ. ಮುಳ್ಳು ಎದ್ದು ಕುಣಿಯಿತು. ನೀನು ನನಗಿಂತ ಮೊದಲು ಅವನಿಗೆ ಬಡಿಸಿದಿ, ಕೇಳದೆ ತುಪ್ಪ ಸುರಿದಿ. ಮೇಲೆ ನನಗೆ, “ಇನ್ನ ನೀವ್ ಯಾಕ ಹೈರಾಣ ಆಗ್ತೀರಿ, ಮನ್ಯಾಗ ಕುಂದರ್ರಿ, ಮುಳ್ಳೇ ಹೇಳ್ತದ” ಎಂದಿ. ನಿಮ್ಮನ್ನು ಬಿಡಲು ಸುನಿಲ ಗಾಡಿ ಎಬ್ಬಿಸಿದಾಗ ಅಳಿಯ ನನ್ನ ಸೀಟಿನಲ್ಲಿ ಕುಳಿತು ಹೋದ. ಹೌದು, ನನಗೆ ಹೊಟ್ಟೆಕಿಚ್ಚು. ಬರೆದೇ ಕೊಟ್ಟಿದ್ದೇನೆ, ಇಟ್ಟುಕೋ.

ಹೋದ ವಾರ ಉದಗೀರದ ಬಜಾರಕ್ಕೆಂದು ಹಟ ಹಿಡಿದು ಗಾಡಿ ಹತ್ತಿದೆ. ನಿಲಂಗಾದ ಪಂಪಿನ ಮುಂದೆ ಮುಳ್ಳು ತಳಕ್ಕೆ ಬಿದ್ದಿತ್ತು. ನಾನು ಇಳಿದು ಟಾಕಿ ತಟ್ಟಿ, “ಉದಗೀರ ಮುಟ್ಟತದ, ನಡಿ” ಎಂದೆ. “ಅಪ್ಪಾ, ಮುಳ್ಳು ಬ್ಯಾರೆ ಹೇಳ್ಲಾಕತ್ತದ” ಎಂದ ಸುನಿಲ. “ನಿನ್ನ ಹಡದಂವ ನಾನೋ ಮುಳ್ಳೋ?” ಎಂದು ಜಬರಿಸಿದೆ. ಗೇರು ಹಾಕಿ ಹೊರಟ. ಅರ್ಧ ದಾರಿಯಲ್ಲಿ ಗಾಡಿ ಕೆಮ್ಮಿ ನಿಂತಿತು. ಹಿಂದೆ ಹನ್ನೆರಡು ಟಗರು ಬಿಸಿಲಿಗೆ ಬಾಯಿ ತೆರೆದು ತೇಕುತ್ತಿದ್ದವು. ಸುನಿಲ ಫೋನು ಮಾಡಿದ್ದು ಯಾರಿಗೆ? ದಿಗಂಬರನಿಗೆ. ಅವನು ಮೋಟರ್ ಸೈಕಲ್ಲಿನ ಮೇಲೆ ಕ್ಯಾನಿನಲ್ಲಿ ಡೀಸೆಲ್ ತಂದು, ಪೈಪಿನ ಗಾಳಿ ತೆಗೆದು ಗಾಡಿ ಎಬ್ಬಿಸಿದ. ಒಂದು ಮಾತು ಚುಚ್ಚಲಿಲ್ಲ. “ಮಾಮಾ, ಬಿಸಲಾಗ ನಿಂದರಬ್ಯಾಡ್ರಿ” ಎಂದು ತನ್ನ ಟವೆಲ್ಲು ನನ್ನ ತಲೆಗೆ ಹಾಕಿದ. ನಿನಗೂ ಇದನ್ನು ಹೇಳಿಲ್ಲವಂತೆ, ಸುನಿಲ ಅಂದ. ಬೈದಿದ್ದರೆ ನಾನೂ ನಾಲ್ಕು ಬೈಯುತ್ತಿದ್ದೆ. ಅವನು ಅದಕ್ಕೂ ಜಾಗ ಇಡಲಿಲ್ಲ. ಇನ್ನೂ ಉರಿಯಿತು. ಆ ಉರಿಯಲ್ಲಿ ಕೂಸಿನ ಮುಖವನ್ನೂ ನೋಡದೆ ಬಜಾರದಿಂದಲೇ ತಿರುಗಿ ಬಂದೆ.

ನಮ್ಮ ದೇವರು ಬೀರಪ್ಪ ಬಾಣಂತಿಯನ್ನೂ ಕೂಸನ್ನೂ ಕಾಯಲಿ. ಅಳಿಯನಿಗೂ ಆಶೀರ್ವಾದ ಹೇಳು, ಜಾಸ್ತಿ ಬೇಡ.

ಬಕ್ಕಪ್ಪ

ತಾ.ಕ.: ಕಾಗದ ಒಯ್ಯಲು ಬಂದ ಸುನಿಲ ಹೊರಗೆ ಹಾರ್ನು ಹೊಡೆದು ಹೊಡೆದು ಸಾಕಾಗಿ ಒಳಗೆ ಬಂದು ನಿಂತಿದ್ದಾನೆ. ನನಗೆ ಕೇಳಿಸಲಿಲ್ಲ. ನಿಲಂಗಾದಲ್ಲಿ ಟಾಕಿಯ ಸದ್ದೂ ಕೇಳಿಸಲಿಲ್ಲ. ದಸರೆಯಿಂದ ಹೀಗೇ, ಬರೇ ಅಂದಾಜಿನ ಮೇಲೆ ಹೇಳುತ್ತಿದ್ದೆ. ಉದಗೀರದಲ್ಲಿ ಕಿವಿ ನೋಡುವ ಡಾಕ್ಟರನನ್ನು ವಿಚಾರಿಸು. ಮಗನ ಪಕ್ಕದ ಸೀಟಿನಲ್ಲೇ ಕುಳಿತು ಬರುತ್ತೇನೆ. ಡಾಕ್ಟರನ ಹತ್ತಿರ ನನ್ನ ಜೊತೆ ನೀನೊಬ್ಬಳೇ ಬಾ, ಅಳಿಯ ಬೇಡ. ಫೋನು ಮಾಡಬೇಡ, ಬರೆದು ಕಳಿಸು. ಇಪ್ಪತ್ತನೇ ತಾರೀಖಿನೊಳಗೆ ಉತ್ತರ ಬೇಕು.