ಗುಡ್ಡದಜ್ಜನನ್ನು ಕಂಡವರು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಕಣ್ಣಿನ ಪಟ್ಟಿ ಬಿಚ್ಚಿದರೇ? ಹನಿ ಹಾಕುವಾಗ ಮುಖ ತಿರುಗಿಸುತ್ತೀರಂತೆ, ಅಕ್ಕ ಹೇಳಿದಳು. ಜೀವಮಾನವೆಲ್ಲ ಕಾಡು ಕಾದವರು ಎರಡು ಹನಿ ಔಷಧಿಗೆ ಹೆದರುವುದೇ? ಅಕ್ಕಾ, ಅಪ್ಪನಿಗೆ ಓದಿ ಹೇಳುವಾಗ ಮಧ್ಯೆ ಮಧ್ಯೆ ನಗಬೇಡ.

ಇಲ್ಲಿ ಗುಡ್ಡದಜ್ಜ ಮತ್ತೆ ಕಾಣಿಸಿಕೊಂಡಿದ್ದಾನಂತೆ. ನಾವು ಊಟಕ್ಕೆ ಹಟ ಮಾಡಿದಾಗ ಅಜ್ಜಿ ಕರೆಯುತ್ತಿದ್ದಳಲ್ಲ, ಅದೇ ಅರ್ಧ ಮನುಷ್ಯ, ಅರ್ಧ ಕರಡಿ. ಊರ ಗಂಡಸರೆಲ್ಲ ಬಂದೂಕು ಒರೆಸಿಕೊಂಡು ಕುಣಿಯುತ್ತಿದ್ದಾರೆ. ಪ್ರಾಣಿಗಳ ಡಾಕ್ಟರಲ್ಲವೇ, ಕಂಡವರನ್ನು ವಿಚಾರಿಸಿ ನಿಜವೋ ಸುಳ್ಳೋ ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ನಿಜವೆಂದರೆ ಬೇಟೆ, ಸುಳ್ಳೆಂದರೆ ಬಂದೂಕು ಮತ್ತೆ ಅಟ್ಟಕ್ಕೆ.

ನಿನ್ನೆ ಆಸ್ಪತ್ರೆಯಲ್ಲಿ, ಕರುಗಳನ್ನು ತೂಗುವ ಕೋಣೆಯಲ್ಲೇ ಎಲ್ಲರನ್ನೂ ಕೂರಿಸಿದೆ. ಎಂಥ ಸಾಕ್ಷಿಗಳಪ್ಪಾ! ಕ್ಷೌರಿಕ ಕಂಡ ಗುಡ್ಡದಜ್ಜ ಬಾಗಿಲಷ್ಟು ಎತ್ತರ. ಅದನ್ನು ಕೇಳಿಸಿಕೊಂಡೇ ಒಳಗೆ ಬಂದ ಲಾರಿ ಡ್ರೈವರನ ಅಜ್ಜ ಲಾರಿಯಷ್ಟು. ನಿವೃತ್ತ ಹೆಡ್‌ಮಾಸ್ಟರಂತೂ ಮುಸ್ಸಂಜೆಯಲ್ಲಿ, ಕನ್ನಡಕವಿಲ್ಲದೆ, ಅದರ ಹಲ್ಲು ಎಣಿಸಿ ಬಂದಿದ್ದಾರೆ! "ಕಣ್ಣಾರೆ ಕಂಡೆ ಡಾಕ್ಟ್ರಮ್ಮ, ನನ್ನಾಣೆ" ಎಂದು ಆಣೆ ಹಾಕಿದಷ್ಟೂ ಅಜ್ಜ ಬೆಳೆಯುತ್ತಿದ್ದ. ನೀವು ಕಲಿಸಿದ ಪ್ರಶ್ನೆಯನ್ನೇ ಹಾಕಿದೆ: ಅದು ಕಾಣುವ ಮುಂಚೆ ಏನು ಮಾಡುತ್ತಿದ್ದಿರಿ? ನಿಜವಾಗಿ ಕಂಡವನಿಗೆ ಕೈಯಲ್ಲಿದ್ದ ಚೊಂಬೂ ನೆನಪಿರುತ್ತದೆ, ಸುಳ್ಳನಿಗೆ ಪ್ರಾಣಿ ಒಂದೇ ನೆನಪು ಎನ್ನುತ್ತಿದ್ದಿರಿ. ಒಬ್ಬೊಬ್ಬರೂ ಅದನ್ನು ಬಿಟ್ಟು ಮತ್ತೆ ಅಜ್ಜನ ಹಲ್ಲು, ಉಗುರಿಗೇ ಹಾರಿದರು. ಹೆಡ್‌ಮಾಸ್ಟರು "ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ?" ಎಂದು ಸಿಡುಕಿದರು. ಇಂಥವರ ಮಾತು ನಂಬಿ ಒಂದು ಇಲಿಯನ್ನೂ ಹೊಡೆಯಬಾರದು. ನನಗಂತೂ ಮೈಯೆಲ್ಲ ಉರಿದುಹೋಯಿತು. ಒಬ್ಬರೂ ಏನೂ ಕಂಡಿಲ್ಲ, ಬರೀ ಬೊಗಳೆ ಎಂದು ಈ ದಿನ ಬೆಳಿಗ್ಗೆ ಊರ ಸಭೆಯಲ್ಲಿ ಮುಖಕ್ಕೆ ಹೊಡೆದಂತೆ ಹೇಳಿ ಬಂದೆ.

ಅಮ್ಮ ಚೆನ್ನಾಗಿದ್ದಾಳೆ. ಬೈಯಲು ನೀವಿಲ್ಲವೆಂದು ನಿಮ್ಮ ಪಾಲಿನದೂ ನನಗೇ ಸಿಗುತ್ತಿದೆ. ಭಾವನಿಗೆ ನಮಸ್ಕಾರ ಹೇಳಿ, ಕಣ್ಣು ಉಜ್ಜಿಕೊಳ್ಳಬೇಡಿ.

ನಿಮ್ಮ ಜಗಳಗಂಟಿ,
ಕಿರಿಮಗಳು

ತಾ.ಕ.: ಅಕ್ಕಾ, ಇದನ್ನು ಮೆಲ್ಲಗೆ ಓದು. ನಿನ್ನೆ ಊಟಕ್ಕೆ ಕೂತಾಗ ಈ ಸಾಕ್ಷಿಗಳನ್ನೆಲ್ಲ ಅಣಕಿಸಿ ತೋರಿಸಿದೆ. ಅಮ್ಮ ನಗಲಿಲ್ಲ. "ಹೋದ ವಾರ ಹಿತ್ತಿಲಲ್ಲಿ ಬೆಡ್‌ಶೀಟ್ ಒಣಗಾಕ್ತಿದ್ದೆ ಕಣೆ. ಬಾಯಲ್ಲಿ ಕ್ಲಿಪ್ ಇತ್ತು, ಕೂಗೋಕೂ ಆಗ್ಲಿಲ್ಲ. ಎತ್ತರ ಎಷ್ಟೋ, ಮುಖ ಹೇಗೋ, ಗೊತ್ತಿಲ್ಲ. ಮೈ ತುಂಬ ಕೂದ್ಲು. ಎದೆಗೆ ಮರಿ ಅವಚ್ಕೊಂಡಿತ್ತು. ಅಜ್ಜ ಅಲ್ಲ ಕಣೆ ಅದು, ತಾಯಿ" ಎಂದಳು. "ಬಂದೂಕಿನೋರಿಗೆ ಹೇಳ್ಬೇಡ" ಎಂದು ತಟ್ಟೆ ತೊಳೆಯಲು ಎದ್ದಳು. ಅದನ್ನು ನಂಬಿಯೇ ಸಭೆಯಲ್ಲಿ ಹಾಗೆ ಹೇಳಿದೆ. ಆದರೆ ಹೆಡ್‌ಮಾಸ್ಟರು ಸುಮ್ಮನಾಗಿಲ್ಲ, ಕಾಡು ಬಲ್ಲ ನಿಮ್ಮನ್ನೇ ಕೇಳಲು ನಾಳೆ ಅಲ್ಲಿಗೆ ಬರುತ್ತಿದ್ದಾರೆ. ಅದಕ್ಕೇ ಈ ಕಾಗದವನ್ನು ಇವತ್ತಿನ ಸಂಜೆ ಬಸ್ಸಿನ ಕಂಡಕ್ಟರ್ ಕೈಯಲ್ಲೇ ಕಳಿಸುತ್ತಿದ್ದೇನೆ. ಆ ಗುಡ್ಡದಲ್ಲಿ ಅಂಥದ್ದೇನೂ ಇಲ್ಲ ಎಂದುಬಿಡಿ. ನೀವೂ ಅದನ್ನು ಕಂಡವರೇ ಎಂದು ಅಮ್ಮನ ಗುಮಾನಿ. ಇಷ್ಟು ವರ್ಷ ಅಮ್ಮನ ಹತ್ತಿರವೂ ಬಾಯಿ ಬಿಡದವರು, ಈಗಲೂ ಬಿಡಬೇಡಿ ಅಪ್ಪಾ.