ಮೊದಲ ಹಾಲಿನ ಗೆರಟೆ

ನಾದಿನಿ ಲೂಸಿಗೆ,

ಬರೆಯುವವಳು ನಿನ್ನ ವೊನಿ, ನಿನ್ನ ಅಣ್ಣನ ಹೆಂಡತಿ ಮೋನಿಕಾ. ದೇರೆಬೈಲಿನ ಈ ಮನೆಗೆ ಸೊಸೆಯಾಗಿ ಬಂದು ಮೂವತ್ತೆಂಟು ವರ್ಷ, ಯಜಮಾನಿಯಾಗಿ ಇಪ್ಪತ್ತು. ಐದು ಹೆತ್ತವಳು. ಇಗರ್ಜಿಯಲ್ಲಿ ಮೊದಲ ಬೆಂಚಿನ ತುದಿಯನ್ನು ಯಾರೂ ಹೇಳದೆ ನನಗೆ ಬಿಡುತ್ತಾರೆ. ಮನೆಯಲ್ಲಿ ನಾವು ಮಾತಾಡಿದ್ದೆಲ್ಲ ಕೊಂಕಣಿ, ಆದರೆ ಕಾಗದ ಎಂದರೆ ಹೈಸ್ಕೂಲಿನಲ್ಲಿ ಕಲಿತ ಕನ್ನಡವೇ ಕೈಗೆ ಬರುತ್ತದೆ. ನೀನು ತೀರಿಹೋಗಿ ಆರು ವರ್ಷವಾಯಿತು. ಇಷ್ಟು ದಿನ ಬರೆಯಲಿಲ್ಲ. ಬರೆಯಲು ಎಂತ ಇತ್ತು? ಇತ್ತು, ಲೂಸಿ. ಆಯಾಸವೆಂದು ಮುಂದೆ ಹಾಕುತ್ತಾ ಬಂದೆ. ಆಯಾಸ ಈಗಲೂ ಉಂಟು.

ನಿನ್ನ ಮೊದಲ ಬುಧವಾರ ನೆನಪಿದೆಯೇ? ನರ್ಸ್ ತರಬೇತಿ ಮುಗಿಸಿ ಬಂದವಳು, ತಾಯಂದಿರಿಗೆ ಶಿಶುಗಳ ಊಟ ಕಲಿಸುವ ಸರಕಾರಿ ಕೆಲಸ ಹಿಡಿದು, ಹೆಂಚಿನ ಕಾರ್ಖಾನೆಯ ಹಿಂದಿನ ಜಗಲಿಯಲ್ಲಿ, ಬುಧವಾರಕ್ಕೊಮ್ಮೆ ಶಿಶುಗಳನ್ನು ತೂಗುವ ತಕ್ಕಡಿ ತೂಗುಹಾಕಿದೆ. ಅಲ್ಲಿ ಹೆಡ್ ಗುಮಾಸ್ತನಾಗಿದ್ದ ನಿನ್ನ ಅಣ್ಣನನ್ನು ಕಾಡಿ ಬೇಡಿ, ಮಣ್ಣು ಹೊರುವ ಹೆಂಗಸರಿಗೆ ಮಗುವಿಗೆ ಹಾಲು ಕೊಡಲು ಅರ್ಧ ಗಂಟೆ ಬಿಡುವು ತೆಗೆಸಿಕೊಟ್ಟವಳೂ ನೀನೇ. ನಾನು ನೋಡಲು ಬಂದದ್ದು ಒಂದೇ ಸಲ, ಅದೂ ಕೊಡೆಯ ಮರೆಯಲ್ಲಿ. ಗಂಜಿಯನ್ನು ಕಿವುಚಿ, ಬೂತಾಯಿ ಮೀನಿನ ಮುಳ್ಳು ತೆಗೆದು ಅದಕ್ಕೆ ಬೆರೆಸಿ, ಆರು ತಿಂಗಳ ಮಗುವೊಂದಕ್ಕೆ ಬೆರಳಿನಿಂದ ತಿನ್ನಿಸುತ್ತಿದ್ದೆ. ಒಬ್ಬಳು ಹಾಲಿನ ಪುಡಿಯ ಡಬ್ಬಿ ತೋರಿಸಿ, ಇದರ ಮೇಲಿನ ಮಗು ಎಷ್ಟು ದಪ್ಪ ಉಂಟಲ್ಲ ಲೂಸಿಬಾಯಿ, ಎಂದಳು. ನೀನು ನಕ್ಕು, "ಅದು ಅದರ ಅಮ್ಮನ ಹಾಲು ಕುಡಿದು ದಪ್ಪ ಆದದ್ದು ಮಾರಾಯ್ತಿ, ಡಬ್ಬಿಯದ್ದಲ್ಲ" ಎಂದೆ. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಅಂಥ ಡಬ್ಬಿಗಳನ್ನು ಖಾಲಿಯಾದ ಮೇಲೂ ತೊಳೆದು ಅಡುಗೆಮನೆಯ ಶೆಲ್ಫಿನಲ್ಲಿ ಸಾಲಾಗಿ ಇಟ್ಟವಳು ನಾನು. ಡಬ್ಬಿ ಹಾಲು ಕುಡಿಸುವ ಮನೆ ಎಂದು ಹತ್ತು ಜನ ನೋಡಲಿ ಎಂದೇ ಇಟ್ಟದ್ದು.

ವಿಲ್ಫ್ರೆಡ್ ಹುಟ್ಟಿದ ಬೆಳಗು. ನಮ್ಮ ಮೊದಲ ಮೊಮ್ಮಗ. ಹೆರಿಗೆ ಕೋಣೆಗೆ ನಾನು ನಿನ್ನ ಅಮ್ಮ ಕೊಟ್ಟ ಗೆರಟೆ ತಂದೆ. ಎಣ್ಣೆ ಹಚ್ಚಿ ಹಚ್ಚಿ ಕಲ್ಲಿನ ಹಾಗೆ ಕಪ್ಪಾದ ಆ ಅರ್ಧ ತೆಂಗಿನ ಚಿಪ್ಪು. ಹೆತ್ತ ಮೊದಲ ಮೂರು ದಿನದ ಹಳದಿ ಹಾಲನ್ನು ಅದಕ್ಕೆ ಹಿಂಡಿ ಅಬ್ಬಲಿಗೆ ಗಿಡದ ಬುಡಕ್ಕೆ ಹೊಯ್ಯುವುದು ಈ ಮನೆಯ ಕ್ರಮ. ನನ್ನ ಐದು ಹೆರಿಗೆಯಲ್ಲೂ ನಿನ್ನ ಅಮ್ಮ ಹಾಗೆಯೇ ಮಾಡಿದ್ದರು. ಅದು ಕೆಟ್ಟ ಹಾಲಲ್ಲ, ಮಗುವಿಗೆ ಮೊದಲ ಮದ್ದೇ ಅದು ಎಂದು ನೀನು ಬಾಗಿಲಲ್ಲಿ ನಿಂತು ಹೇಳಿದೆ. ಎರಡನೇ ಸಲ ಹೇಳುವಾಗ ನನ್ನ ಕೈ ಹಿಡಿದೆ. ಸೊಸೆಯ ಮುಂದೆ, ಸೂಲಗಿತ್ತಿಯ ಮುಂದೆ. ಆಗ ನಾನು ಹೇಳಿದ ಮಾತು ನಿನಗೆ ಅಲ್ಲಿಯೂ ನೆನಪಿರಬಹುದು. "ಒಂದೂ ಹೆರದವಳ ಹತ್ತಿರ ನಾನು ಹಾಲಿನ ಪಾಠ ಕೇಳುವುದಿಲ್ಲ."

ನೀನು ಕೈ ಬಿಟ್ಟೆ. "ಆಯಿತು ವೊನಿ" ಎಂದೆ, ಅಷ್ಟೇ. ಆಮೇಲೆ ಒಂಬತ್ತು ವರ್ಷ ಇದೇ ಮನೆಯ ಹೊರಗಿನ ಕೋಣೆಯಲ್ಲಿದ್ದೆ, ನನ್ನ ಕೈಯ ಊಟ ಉಂಡೆ, ನನಗೆ ಜ್ವರ ಬಂದಾಗ ಹಣೆಗೆ ಬಟ್ಟೆ ಇಟ್ಟೆ. ಆದರೆ ಈ ಮನೆಯ ಹೆರಿಗೆ ಕೋಣೆಯ ಹೊಸ್ತಿಲು ಮಾತ್ರ ತುಳಿಯಲಿಲ್ಲ. ಮತ್ತೆ ಮೂರು ಮೊಮ್ಮಕ್ಕಳು ಹುಟ್ಟಿದವು. ಮೂರು ಸಲವೂ ಅಬ್ಬಲಿಗೆ ಗಿಡಕ್ಕೇ ಹಾಲಾಯಿತು. ಒಂದು ಮಾತು ಕೇಳಿದ್ದರೆ ನೀನು ಬರುತ್ತಿದ್ದೆಯೋ ಏನೋ. ಕೇಳಲು ನನಗೆ...

ಮಳೆಗಾಲ ಬಂತೆಂದರೆ ವಿಲ್ಫ್ರೆಡನನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದದ್ದು ಎಷ್ಟು ಸಲ, ನೀನೇ ಕಂಡಿದ್ದಿ. ಭೇದಿ, ಜ್ವರ, ಮತ್ತೆ ಭೇದಿ. ಡಬ್ಬಿಯ ಹಾಲಿಗೆ ನಾವು ಬೆರೆಸಿದ ನೀರು ಯಾವ ಬಾವಿಯದ್ದು, ಎಷ್ಟು ಕಾದದ್ದು ಎಂದು ಆಗ ಯಾರು ನೋಡಿದರು? ಹುಡುಗ ಈಗ ಚೆನ್ನಾಗಿದ್ದಾನೆ, ಆದರೆ ಸಣಕಲು. ಶಾಲೆಯಲ್ಲಿ ಎರಡು ವರ್ಷ ಹಿಂದುಳಿದ. ಎಲ್ಲವನ್ನೂ ಡಬ್ಬಿಯ ತಲೆಗೆ ಕಟ್ಟುವಷ್ಟು ದಡ್ಡಿ ನಾನಲ್ಲ. ಆದರೂ ಅವನು ಹುಟ್ಟಿದ ವರ್ಷವೇ ಹುಟ್ಟಿ, ನಿನ್ನ ತಕ್ಕಡಿಯಲ್ಲಿ ತೂಗಿದ ಗಿರಿಜಾ ಇದ್ದಾಳಲ್ಲ, ಹೆಂಚು ಹೊರುವ ಕಲ್ಯಾಣಿಯ ಮಗಳು, ಅವಳು ನಮ್ಮ ಗೇಟಿನ ಮುಂದೆ ಪುಸ್ತಕ ಎದೆಗೊತ್ತಿಕೊಂಡು ದಡದಡ ನಡೆದು ಹೋಗುವಾಗ ನಾನು ಮುಖ ತಿರುಗಿಸುತ್ತೇನೆ. ಹುಡುಗಿ ಎಂತ ತಪ್ಪು ಮಾಡಿದ್ದಾಳೆ?

ಈ ವರ್ಷ ಈಸ್ಟರ್ ಕಳೆದ ವಾರ ಕಲ್ಯಾಣಿಯ ಹಿರಿಯ ಸೊಸೆ ಹೆತ್ತ ಸುದ್ದಿ ಬಂತು. ಬಡವರ ಮನೆ, ಒಂದು ಡಬ್ಬಿ ಕೊಟ್ಟು ಬರೋಣವೆಂದು ನಾನೇ ಹೋದೆ. ಕೊಡುವ ಕೈ ನನ್ನದಲ್ಲವೇ? ಕಲ್ಯಾಣಿ ಮಣೆ ಒರೆಸಿ ಕೂರಿಸಿದಳು. ಡಬ್ಬಿ ಚಾಚಿದೆ. ಸೊಸೆ ಸುಮತಿ, ಕೂಳೂರಿನ ಹುಡುಗಿ, ಮಗುವನ್ನು ಎದೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಮೆಲ್ಲಗೆ ಹೇಳಿದಳು.

"ಬೇಡ ಬಾಯಿ. ಲೂಸಿಬಾಯಿ ಬಯ್ತಾರೆ."

ಬಯ್ತಾರೆ ಎಂದಳು. ಬಯ್ತಿದ್ದರು ಎಂದಲ್ಲ. ನೀನು ಬುಧವಾರದ ತಕ್ಕಡಿ ಹಿಡಿದು ಈಗ ಬಾಗಿಲಿಗೆ ಬರುತ್ತೀ ಎಂಬಂತೆ. ನೀನು ಸತ್ತ ಮೇಲೆ ಆ ಜಗಲಿಗೆ ಬೇರೆ ಯಾರೂ ಬರಲಿಲ್ಲ, ತಕ್ಕಡಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಎಲ್ಲ ಅಲ್ಲಿಗೆ ಮುಗಿಯಿತೆಂದೇ ನಾನು ತಿಳಿದಿದ್ದೆ. "ನೀನು ಲೂಸಿಯನ್ನು ನೋಡಿದ್ದೀಯಾ?" ಎಂದು ಸುಮತಿಯನ್ನು ಕೇಳಿದೆ.

"ಇಲ್ಲ ಬಾಯಿ. ಅತ್ತೆ ಹೇಳ್ತಾರೆ. ನಮ್ಮ ಸಾಲಿನಲ್ಲಿ ಎಲ್ಲರೂ ಹೇಳ್ತಾರೆ."

ಕಲ್ಯಾಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಈ ಸಾಲಿನ ಹನ್ನೊಂದು ಮನೆಯಲ್ಲಿ ಗೆರಟೆ ಇಡುವವರು ಈಗ ಯಾರೂ ಇಲ್ಲವಂತೆ. ಹೊಸ ಸೊಸೆ ಬಂದರೆ ಮೊದಲು ಹೇಳುವುದೇ ಅದಂತೆ. ಗಂಜಿ ಯಾವಾಗ, ಮೊಟ್ಟೆ ಯಾವಾಗ, ಮೀನಿನ ಮುಳ್ಳು ಹೇಗೆ ತೆಗೆಯುವುದು, ಎಲ್ಲ ನೀನು ಹೇಳಿದ ಹಾಗೆ, ನಿನ್ನದೇ ಬೈಗುಳದ ಸಮೇತ. ನಾನು ಡಬ್ಬಿಯನ್ನು ಸೀರೆಯ ಮರೆಯಲ್ಲಿ ಹಿಡಿದು ಮನೆಗೆ ಬಂದೆ. ಹೆರದವಳು ಎಂದೆನಲ್ಲ ನಿನ್ನನ್ನು.

ಮೊನ್ನೆ ಸೋಮವಾರ ಬೆಳಗಿನ ಜಾವ ಫಿಲೋಮಿನಾಗೆ ನೋವು ಶುರುವಾಯಿತು. ನೀನು ಹೋಗುವಾಗ ಎರಡು ಜಡೆ ಹಾಕಿಕೊಂಡಿದ್ದ ನನ್ನ ಕೊನೆಯ ಮಗಳು, ಮೊದಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಅವಳ ಗಂಡ ಬಹ್ರೇನಿನಿಂದ ಎರಡು ದೊಡ್ಡ ಡಬ್ಬಿ ಕಳಿಸಿದ್ದಾನೆ. ಮಗುವಿಗೆ ಅದನ್ನೇ ಕೊಡಬೇಕೆಂದು ಅವಳ ಅತ್ತೆಯಿಂದ ಕಾಗದವೂ ಬಂದಿತ್ತು. ಫಿಲೋಮಿನಾ ಮಂಚದ ಸರಳು ಹಿಡಿದುಕೊಂಡು ನನ್ನ ಮುಖ ನೋಡಿದಳು. "ಮಾಯ್, ಹಾಲಿನದ್ದು ಎಂತ ಮಾಡುವುದು?" ಎಂದಳು. ನಾನು ಒಳಗೆ ಹೋದೆ. ಪೆಟ್ಟಿಗೆಯಿಂದ ಗೆರಟೆ ತೆಗೆದೆ. ನಿನ್ನ ಅಮ್ಮನ ಕೈ, ನನ್ನ ಕೈ, ಎಷ್ಟು ಜನರ ಕೈ ತಾಗಿ ನುಣುಪಾದ ವಸ್ತು. ಅದನ್ನು ಹಿಡಿದುಕೊಂಡು ಬಚ್ಚಲಿನ ಕಡೆಗೆ ನಡೆದೆ.

ಮಗು ಹುಟ್ಟಿದ್ದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ. ಹೆಣ್ಣು. ಸೂಲಗಿತ್ತಿ ಅದೇ ಹಳೆಯವಳು. ಹೊಕ್ಕುಳಬಳ್ಳಿ ಕತ್ತರಿಸಿ, ಮಗುವನ್ನು ಒರೆಸಿ, ರೂಢಿಯಂತೆ ಕೈ ಚಾಚಿದಳು.

"ಗೆರಟೆ ಎಲ್ಲಿ ಬಾಯಿ?"

"ಇಲ್ಲ" ಎಂದೆ. ಇಲ್ಲವೆಂದರೆ ಹೇಗೆ, ಹಾಲು ಎಲ್ಲಿಗೆ ಹಿಂಡುವುದು ಎಂದು ಅವಳು ಗೊಣಗಿದಳು. ಮಗುವನ್ನು ಅವಳ ಕೈಯಿಂದ ತೆಗೆದು ನಾನೇ ಫಿಲೋಮಿನಾಳ ಎದೆಗೆ ಇಟ್ಟೆ. ಅದು ಸ್ವಲ್ಪ ತಡಕಾಡಿತು, ಬಿಟ್ಟಿತು, ಮತ್ತೆ ಹಿಡಿಯಿತು. ಸೂಲಗಿತ್ತಿ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಈ ಮನೆಯಲ್ಲಿ ನಾನು ಯಾರಿಗೂ ಕಾರಣ ಹೇಳಿದವಳಲ್ಲ, ನಿನಗೆ ಗೊತ್ತಲ್ಲ. ಆದರೂ ಹೇಳಿದೆ.

"ಲೂಸಿಬಾಯಿ ಬಯ್ತಾಳೆ" ಎಂದೆ.

ಬಹ್ರೇನಿನ ಡಬ್ಬಿಗಳನ್ನು ಬಿಚ್ಚದೆಯೇ ಫಿಲೋಮಿನಾಳ ಅತ್ತೆಯ ಮನೆಗೆ ಕಳಿಸಿದ್ದೇನೆ. ಶೆಲ್ಫಿನ ಸಾಲು ಇಳಿಸಿ ಆಯಿತು. ಗೆರಟೆಯನ್ನು ಸೋಮವಾರ ಬೆಳಿಗ್ಗೆಯೇ, ಮಗು ಹುಟ್ಟುವ ಮೊದಲೇ, ಬಚ್ಚಲಿನ ಒಲೆಗೆ ಹಾಕಿದ್ದೆ. ಎಣ್ಣೆ ಕುಡಿದ ಚಿಪ್ಪು, ಚೆನ್ನಾಗಿ ಉರಿಯಿತು. ಆ ಹಂಡೆಯ ನೀರಿನಲ್ಲೇ ಮಗುವಿಗೆ ಸ್ನಾನ ಮಾಡಿಸಿದೆ.

ನಿನ್ನ ವೊನಿ