ಉಸ್ತಾದ್, ಟ್ಯಾಬಿಗೂ ಕೇಳುವುದನ್ನು ಕಲಿಸಿದೆ

ನನ್ನ ಉಸ್ತಾದ್ ಗೌಸ್ ಸಾಹೇಬರಿಗೆ,

ನಿಮ್ಮ ಕೈಕೆಳಗೆ ಹದಿನಾಲ್ಕು ವರ್ಷ ಬೈಸಿಕೊಂಡ ಕೆಂಪರಾಜು ಮಾಡುವ ಸಲಾಮು. ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ ಎಂದು ಮಾತ್ರ ಕೇಳುವುದಿಲ್ಲ. ನೀವು ತೀರಿಹೋಗಿ ಎರಡು ವರ್ಷವಾಯಿತು. ಈಗ ನಿಮ್ಮಿಂದ ಕಾಗದ ಬಂದರೆ ಅದನ್ನು ಬಿಚ್ಚುವ ಮೊದಲೇ ನಾನು ನಿಮ್ಮ ಪಕ್ಕಕ್ಕೆ ಬಂದು ಮಲಗಿರುತ್ತೇನೆ. ಐದನೇ ಕ್ಲಾಸು ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಗೆದ್ದ ಸುದ್ದಿ ಇದೆ, ನಿಮಗೆ ಹೇಳದೆ ಹೇಗಿರಲಿ?

ನಾನು ಪೀಣ್ಯದ ಈ ಫ್ಯಾಕ್ಟರಿಗೆ ಫಿಟರ್ ಆಗಿ ಸೇರಿದ ದಿನ ನೆನಪಿದೆಯೇ? ನೀವು ಒಂದು ಉದ್ದನೆಯ ಸ್ಕ್ರೂಡ್ರೈವರ್ ತಂದು, ಅದರ ಮೊನೆಯನ್ನು ಓಡುತ್ತಿದ್ದ ಮೋಟರಿನ ಮೈಗೆ ಒತ್ತಿ, ಹಿಡಿಯನ್ನು ನನ್ನ ಕಿವಿಗೆ ಇಟ್ಟಿರಿ.

"ಏನ್ ಕೇಳಿಸ್ತದೆ?"

"ಗುಂಯ್ ಅಂತೈತೆ ಸಾರ್."

"ಗುಂಯ್ ಅಂತ ಇಡೀ ಪೀಣ್ಯಾನೇ ಅಂತೈತೆ ಕಣೋ. ಅದ್ರೊಳಗೆ ಈ ಮೋಟರ್ ಏನಂತೈತೆ, ಅದ್ ಹೇಳು."

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ನನಗೆ ಮೂರು ವರ್ಷ ಹಿಡಿಯಿತು. ಎಣ್ಣೆ ಒಣಗಿದ ಸದ್ದು ಬೇರೆ, ಬೆಲ್ಟು ಸಡಿಲವಾದ ಸದ್ದು ಬೇರೆ, ಬೇರಿಂಗ್ ಸವೆದ ಸದ್ದು ಬೇರೆ. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿ ಯಾವಾಗ ಸಿಟ್ಟಾಗುತ್ತಾಳೆ ಎಂದು ನನಗೆ ಗೊತ್ತಾಗುವುದಿಲ್ಲ. ಮೋಟರ್ ಸಿಟ್ಟಾದರೆ ಮಾತ್ರ ತಕ್ಷಣ ಗೊತ್ತಾಗುತ್ತದೆ.

ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಶ್ವೇತಾ ಮೇಡಂ ನಮ್ಮ ಆರು ಜನ ಫಿಟರುಗಳನ್ನು ಸಾಲಾಗಿ ನಿಲ್ಲಿಸಿದರು. ನೀವು ನೋಡಿಲ್ಲ ಅವರನ್ನು. ನಮ್ಮ ಹೊಸ ಮೇಂಟೆನೆನ್ಸ್ ಇಂಜಿನಿಯರು. ಕೈಯಲ್ಲೊಂದು ಹೊಸ ಟ್ಯಾಬ್ ಇತ್ತು, ಊಟದ ತಟ್ಟೆಯಷ್ಟು ದೊಡ್ಡದು.

"ಇನ್ಮೇಲೆ ಲಾಗ್‌ಬುಕ್ ಇಲ್ಲ. ಮಷೀನ್ ಹತ್ರ ನಿಂತು, ಫೋಟೋ ತೆಗ್ದು, ಇದ್ರಲ್ಲೇ ಎಂಟ್ರಿ ಮಾಡ್ಬೇಕು. ಫಸ್ಟ್ ಯಾರು ತಗೋತೀರಾ?"

ಆ ಲಾಗ್‌ಬುಕ್ಕಿನ ಕಥೆ ನಿಮಗೆ ಗೊತ್ತಿದ್ದದ್ದೇ. ಟೀ ಕುಡಿಯುತ್ತಾ ಕೂತಲ್ಲೇ ಇಡೀ ದಿನದ ಚೌಕದ ಮನೆಗಳಿಗೆಲ್ಲ 'ಓಕೆ, ಓಕೆ' ಎಂದು ತುಂಬಿಸಿಬಿಡುತ್ತಿದ್ದೆವು. ನೀವೊಬ್ಬರೇ ಎದ್ದು ಹೋಗಿ ನೋಡಿ ಬರೆಯುತ್ತಿದ್ದವರು. ಈಗ ಕೂತು ಬರೆಯುವುದು ನಿಂತಿತಲ್ಲ, ಎಲ್ಲರೂ ನೆಲ ನೋಡತೊಡಗಿದರು. ಮೇಡಂ ಇನ್ನೊಂದು ಮಾತು ಹೇಳಿದರು. ಮೂರು ತಿಂಗಳು ಟ್ರಯಲ್. ನಮ್ಮಿಂದ ಆಗದಿದ್ದರೆ ಮೇಂಟೆನೆನ್ಸ್ ಕೆಲಸ ಹೊರಗಿನ ಕಂಟ್ರಾಕ್ಟಿಗೆ, ನಾವು ಆರೂ ಜನ ಪ್ಯಾಕಿಂಗ್ ಸೆಕ್ಷನ್ನಿಗೆ. ರಟ್ಟಿನ ಪೆಟ್ಟಿಗೆಗೆ ಟೇಪ್ ಅಂಟಿಸಿಕೊಂಡು ಕೂರುವುದು. ರಟ್ಟಿನ ಪೆಟ್ಟಿಗೆ ಏನು ಸದ್ದು ಮಾಡುತ್ತದೆ ಉಸ್ತಾದ್? ನಾನು ಕೈ ಎತ್ತಿಬಿಟ್ಟೆ.

ಮೊದಲ ವಾರ ನೀವಿದ್ದಿದ್ದರೆ ನಕ್ಕು ನಕ್ಕು... ಟ್ಯಾಬ್ ನನ್ನ ಬೆರಳನ್ನು ಮನುಷ್ಯನ ಬೆರಳೆಂದೇ ಒಪ್ಪಲಿಲ್ಲ. ಸ್ಪ್ಯಾನರ್ ಹಿಡಿದು ದಪ್ಪಗಟ್ಟಿದ ಚರ್ಮ, ಒತ್ತಿದರೂ ಸುಮ್ಮನೆ, ಉಜ್ಜಿದರೂ ಸುಮ್ಮನೆ. ಕೊನೆಗೆ ಬೆರಳಿನ ಗೆಣ್ಣಿನಿಂದ ಬಾಗಿಲು ತಟ್ಟುವ ಹಾಗೆ ತಟ್ಟಿದೆ, ತೆರೆಯಿತು. ಎರಡನೇ ದಿನ ಗಾಜಿನ ಮೇಲೆ ಗ್ರೀಸ್ ಅಂಟಿತು. ನಾನು ಅಭ್ಯಾಸಬಲದಿಂದ ಕೈ ಒರೆಸುವ ಬನಿಯನ್ ವೇಸ್ಟನ್ನು ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕಲು ಹೋದೆ. ಮೇಡಂ ಕಿರುಚಿದ್ದು ಗೇಟಿನ ತನಕ ಕೇಳಿಸಿತಂತೆ.

"ಕೆಂಪರಾಜಣ್ಣ! ಅದೇನ್ ಗೇರ್ ಬಾಕ್ಸಾ?"

"ಕ್ಲೀನ್ ಆಯ್ತದೆ ಮೇಡಂ, ಪಳಪಳ ಅಂತದೆ!"

ಆದರೂ ಹದಿನೈದು ದಿನದಲ್ಲಿ ಕೈ ಕೂತಿತು. ಮೇಡಂ ಅದರಲ್ಲಿ ಕನ್ನಡ ಬರುವ ಹಾಗೆ ಮಾಡಿಕೊಟ್ಟರು. ಬರೆಯಲು ತಿಣುಕುತ್ತಿದ್ದ ನಾನು, ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ ಎಂದು ಗೊತ್ತಾದ ಮೇಲೆ ಬಿಡುತ್ತೇನೆಯೇ? ಒಮ್ಮೆ ನಾಗೇಶನಿಗೆ ಬೈದಿದ್ದನ್ನೂ ಪೂರ್ತಿ ಬರೆದುಕೊಂಡಿತ್ತು. ಅದೇ ನಾಗೇಶ, ನೀವು ಎರಡು ಸಲ ಕಿವಿ ಹಿಂಡಿದ್ದ ನಮ್ಮ ಫಿಟರ್.

ಎರಡನೇ ತಿಂಗಳಲ್ಲಿ ಒಂದು ಬೆಳಿಗ್ಗೆ ದೊಡ್ಡ ಕಂಪ್ರೆಸರಿನ ಮೋಟರಿಗೆ ಸ್ಕ್ರೂಡ್ರೈವರ್ ಇಟ್ಟೆ. ಅದು ನಿಂತರೆ ಗಾಳಿ ನಿಲ್ಲುತ್ತದೆ, ಗಾಳಿ ನಿಂತರೆ ಇಡೀ ಫ್ಯಾಕ್ಟರಿ ನಿಲ್ಲುತ್ತದೆ. ಗುಂಯ್ ಎನ್ನುವುದರ ಒಳಗೆ ಇನ್ನೊಂದು ಸದ್ದು ಕೇಳಿತು. ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕ ಹಾಗೆ, ಒಮ್ಮೆ ಕಟಕ್, ಆಮೇಲೆ ಇಲ್ಲ. ಟ್ಯಾಬ್ ನೋಡಿದರೆ ಬಿಸಿ ಸರಿಯಿದೆ, ಪ್ರೆಷರ್ ಸರಿಯಿದೆ, ಎಲ್ಲ ಮನೆಯೂ ಹಸಿರು. ಸದ್ದಿಗೆ ಒಂದು ಮನೆಯೇ ಇಲ್ಲ. ಮೇಡಂ ಹತ್ತಿರ ಹೋದೆ.

"ಬೇರಿಂಗ್ ಹೋಗ್ತಾ ಐತೆ ಮೇಡಂ. ನಿಲ್ಸಿ ಬಿಚ್ಬೇಕು."

"ಎಲ್ಲಾ ಗ್ರೀನ್ ಇದ್ಯಲ್ಲಣ್ಣ. ಅರ್ಧ ದಿನ ಪ್ರೊಡಕ್ಷನ್ ನಿಲ್ಸಿ ಅಂತ ನಾನು ಮೇಲ್ಗಡೆ ಏನಂತ ಹೇಳ್ಲಿ?"

ಹಿಂದೆ ನಿಂತಿದ್ದ ನಾಗೇಶ ಬಿಡುತ್ತಾನೆಯೇ? "ಉಸ್ತಾದ್ ಹೋಗ್ವಾಗ ಕಿವಿ ಇವ್ನಿಗೆ ಬಿಟ್ಟೋದ್ರು ಮೇಡಂ. ಗುರೂ, ನಿನ್ ಕಿವೀಗ್ ನಾಲ್ಕ್ ಹನಿ ಎಣ್ಣೆ ಬಿಡು, ಮೋಟರ್ ಸರಿಹೋಗ್ತದೆ!"

ನಾನೂ ನಕ್ಕೆ. ಆದರೆ ಯೋಚನೆ ಬಿಡಲಿಲ್ಲ. ನಾನು ಹಟ ಮಾಡಿ ನಿಲ್ಲಿಸಿ, ಬಿಚ್ಚಿದಾಗ ಬೇರಿಂಗ್ ಗುಂಡುಕಲ್ಲಿನಂತೆ ಇದ್ದರೆ? ಟ್ರಯಲ್ ಅಲ್ಲಿಗೇ ಮುಗಿಯಿತು. ನನ್ನ ಜೊತೆ ಉಳಿದ ಐವರೂ ರಟ್ಟಿನ ಪೆಟ್ಟಿಗೆಗೆ. ಸುಮ್ಮನಿದ್ದು, ಅದು ಓಡುವಾಗಲೇ ಮುರಿದರೆ? ಆಗಲೂ ಟ್ಯಾಬ್ ಹಿಡಿದವನದೇ ತಪ್ಪು.

ಪ್ರೆಸ್ ಸೆಕ್ಷನ್ನಿನ ಪಂಪ್ ಜಾಮ್ ಆದ ದಿನ ನೀವು ಮೆಟ್ಟಿಲ ಮೇಲೆ ಕೂತಿದ್ದು ಆಗ ಕಣ್ಣಿಗೆ ಬಂತು. ಮೂರು ಸಲ ಹೇಳಿದ್ದಿರಿ, ಯಾರೂ ನಿಲ್ಲಿಸಲಿಲ್ಲ. ಅದು ಕೆಟ್ಟ ಮೇಲೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ನಿಮ್ಮನ್ನೇ ಕೇಳಿದರು. ನೀವು ಬೀಡಿ ಕೂಡ ಹಚ್ಚದೆ ಹೇಳಿದಿರಿ: "ಕಿವಿಗೆ ಸಾಕ್ಷಿ ಇಲ್ಲ ಕೆಂಪ. ನಾನ್ ಕೇಳಿದ್ದು ನನ್ ತಲೇಲೇ ಇರ್ತದೆ."

ಆ ಮಾತು ನೆನಪಾದ ಮರುದಿನವೇ ಟ್ಯಾಬಿನಲ್ಲಿ ಸದ್ದು ಹಿಡಿಯುವುದನ್ನು ಹುಡುಕಿದೆ. ಫ್ಯಾಕ್ಟರಿಯೊಳಗೆ ಮೊಬೈಲ್ ತರುವ ಹಾಗಿಲ್ಲ, ನಿಮಗೆ ಗೊತ್ತಲ್ಲ. ಗೇಟಿನಲ್ಲೇ ಇಟ್ಟು ಬರಬೇಕು. ಹಾಗಾಗಿ ಈ ಬುದ್ಧಿ ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ. ಮೋಟರಿನ ಹತ್ತಿರ ಟ್ಯಾಬ್ ಹಿಡಿದು ರೆಕಾರ್ಡ್ ಮಾಡಿ ಹಾಕಿ ಕೇಳಿದರೆ ಏನಿದೆ? ಬರೀ ಗುಂಯ್! ನಾನು ಸೇರಿದ ಮೊದಲ ದಿನ ಎಷ್ಟು ದಡ್ಡನಿದ್ದೆನೋ, ಟ್ಯಾಬೂ ಅಷ್ಟೇ ದಡ್ಡ. ಹಾಗಾದರೆ ನನಗೆ ನೀವು ಹೇಗೆ ಕಲಿಸಿದಿರೋ ಅದಕ್ಕೂ ಹಾಗೇ ಕಲಿಸಬೇಕಲ್ಲವೇ? ಅದರ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತಿದೆ, ಅದೇ ಅದರ ಕಿವಿ. ಸ್ಕ್ರೂಡ್ರೈವರಿನ ಮೊನೆ ಮೋಟರಿಗೆ, ಹಿಡಿ ಆ ತೂತಿಗೆ. ಒತ್ತಿ ಹಿಡಿದೆ. ಆಮೇಲೆ ಹಾಕಿ ಕೇಳಿದೆ.

ಕಟಕ್.

ಅಯ್ಯೋ ಉಸ್ತಾದ್, ನಾನು ಅಲ್ಲೇ ಒಂದು ಸುತ್ತು ಕುಣಿದೆ! ನನ್ನ ತಲೆಯೊಳಗಿದ್ದದ್ದು ಹೊರಗೆ ಬಂದಿತ್ತು. ಒಂಬತ್ತು ದಿನ, ದಿನಾ ಬೆಳಿಗ್ಗೆ, ಚಾಕ್‌ಪೀಸಿನಲ್ಲಿ ಗುರುತು ಹಾಕಿದ ಅದೇ ಜಾಗದಲ್ಲಿ ಸದ್ದು ಹಿಡಿದೆ.

ಹತ್ತನೇ ದಿನ ಮೇಡಂ ಅವರನ್ನು ಕೂರಿಸಿ ಇಯರ್‌ಫೋನ್ ಹಾಕಿಸಿದೆ. ಮೊದಲ ದಿನದ್ದು ಕೇಳಿಸಿದೆ. ಅವರಿಗೆ ಏನೂ ತಿಳಿಯಲಿಲ್ಲ. ಅದರ ಬೆನ್ನಿಗೇ ಒಂಬತ್ತನೇ ದಿನದ್ದು ಹಾಕಿದೆ. ಅವರ ಮುಖದ ಬಣ್ಣವೇ ಬದಲಾಯಿತು.

"ಇದು... ಅದೇ ಮೋಟರಾ?"

"ಅದೇ ಮೇಡಂ. ಅದೇ ಜಾಗ, ಅದೇ ಟೈಮು."

"ಯಾರೋ ಗಾಜು ಅಗೀತಿರೋ ಹಾಗಿದೆ."

ಅವರು ಟ್ಯಾಬ್ ಎತ್ತಿಕೊಂಡು ಮೇಲಿನ ಆಫೀಸಿಗೆ ಓಡಿದರು. ಆ ಶನಿವಾರ ಮಧ್ಯಾಹ್ನ ಕಂಪ್ರೆಸರ್ ನಿಲ್ಲಿಸಿದರು.

ಬಿಚ್ಚುವಾಗ ಮ್ಯಾನೇಜರ್ ಸಾಹೇಬರು ಖುದ್ದಾಗಿ ಬಂದು ನಿಂತರು. ಅಷ್ಟು ದೊಡ್ಡ ಶೆಡ್ಡು ಅಷ್ಟೊಂದು ನಿಶ್ಶಬ್ದವಾಗಿದ್ದದ್ದನ್ನು ನಾನು ನೋಡಿರಲಿಲ್ಲ. ನನ್ನ ಎದೆ ಬಡಿತಕ್ಕೆ ಯಾರಾದರೂ ಸ್ಕ್ರೂಡ್ರೈವರ್ ಇಟ್ಟಿದ್ದರೆ ನನ್ನನ್ನೇ ಬಿಚ್ಚಿಬಿಡುತ್ತಿದ್ದರು. ಬೇರಿಂಗನ್ನು ಎಳೆದು ತೆಗೆದವನು ನಾಗೇಶ. ಗುಂಡುಗಳನ್ನು ಹಿಡಿದಿಡುವ ಬಳೆ ಎರಡು ಕಡೆ ಒಡೆದಿತ್ತು. ಗುಂಡುಗಳ ಮೈಯೆಲ್ಲ ಸಿಡುಬು. ಅವನು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನನ್ನ ಮುಂದೆ ಹಿಡಿದ.

"ಏನ್ಲಾ ನಾಗೇಶ, ಎಲ್ಲಿಗ್ ಬಿಡ್ಲಿ ಎಣ್ಣೆ?" ಎಂದೆ.

"ಬಿಡು ಮಗಾ, ತಪ್ಪಾಯ್ತು," ಎಂದು ಅವನು ನನ್ನನ್ನು ತಬ್ಬಿಕೊಂಡ. ಇಬ್ಬರ ಅಂಗಿಗೂ ಗ್ರೀಸ್. ಉಳಿದವರು ಶಿಳ್ಳೆ ಹೊಡೆದರು. ಮೇಡಂ ಕೂಡ ಚಪ್ಪಾಳೆ ತಟ್ಟಿದರು.

ಮ್ಯಾನೇಜರ್ ಸಾಹೇಬರು ಬೇರಿಂಗನ್ನು ತಿರುಗಿಸಿ ತಿರುಗಿಸಿ ನೋಡಿದರು. "ಭಲೇ ಕೆಂಪರಾಜು! ಒಂಬತ್ತೇ ದಿನಕ್ಕೆ ಕಂಡುಹಿಡಿದ್ಬಿಟ್ಟೆಯಲ್ಲಪ್ಪ," ಎಂದರು.

ಹೊಗಳಿದರೆ ನಾನು ಉಬ್ಬುವವನೇ. ಆವತ್ತು ಮಾತ್ರ ಸುಳ್ಳು ಬಾಯಿಗೆ ಬರಲಿಲ್ಲ. "ನಂದೇನ್ ಬಂತು ಸಾರ್. ಗೌಸ್ ಸಾಹೇಬ್ರು ಇದ್ದಿದ್ರೆ ಎರಡ್ನೇ ದಿನಾನೇ ಒಡ್ದೋಗಿರೋ ಜಾಗ ಹೇಳೋರು. ಆವತ್ತು ಆ ಪಂಪ್‌ದೂ ಮೊದ್ಲೇ ಹೇಳಿದ್ರು. ನಾವ್ ಕೇಳ್ಲಿಲ್ಲ, ಅಷ್ಟೇ," ಎಂದೆ.

ಅವರು ಬೇರಿಂಗನ್ನು ನಾಗೇಶನ ಕೈಗೆ ವಾಪಸ್ ಇಟ್ಟರು. ಆಮೇಲೆ, "ಹೌದು, ಹೇಳಿದ್ರು. ನನ್ಹತ್ರಾನೇ ಹೇಳಿದ್ರು," ಎಂದರು. ಅಷ್ಟು ಜನರ ಎದುರಿಗೆ, ಜೋರಾಗಿ. ಉಸ್ತಾದ್, ಇದನ್ನು ನೀವೇ ನಿಮ್ಮ ಕಿವಿಯಿಂದ ಕೇಳಬೇಕಿತ್ತು. ನೀವಿರಲಿಲ್ಲ, ಅದಕ್ಕೇ ಈ ಕಾಗದ.

ಹೊರಗಿನ ಕಂಟ್ರಾಕ್ಟಿನ ಮಾತು ನಿನ್ನೆಗೆ ಮುಗಿಯಿತು. ನಾವು ಆರೂ ಜನ ಇದ್ದಲ್ಲೇ ಇದ್ದೇವೆ. ಮೇಡಂ ಟ್ಯಾಬಿನಲ್ಲಿ ಎಲ್ಲ ಮಷೀನಿಗೂ 'ಸದ್ದು' ಎಂದು ಹೊಸ ಮನೆ ಮಾಡಿಸಿದ್ದಾರೆ. ಸೋಮವಾರ ಇನ್ನೂ ಐದು ಟ್ಯಾಬ್ ಬರುತ್ತವೆ. ಕಲಿಸುವ ಮೇಷ್ಟ್ರು ಯಾರು ಅಂದುಕೊಂಡಿರಿ? ಐದನೇ ಕ್ಲಾಸಿನ ಈ ಕೆಂಪರಾಜು! ನಾಗೇಶ ಈಗಲೇ ನನ್ನನ್ನು ಸಾರ್ ಎಂದು ಕರೆದು ಟೀ ತಂದುಕೊಡುತ್ತಿದ್ದಾನೆ. ಆದರೆ ನಿಮ್ಮ ಮೇಲೆ ಆಣೆ, ಮೊದಲ ವಾರ ಒಬ್ಬನಿಗೂ ಟ್ಯಾಬ್ ಕೊಡುವುದಿಲ್ಲ. ಬರೀ ಕಿವಿಯಲ್ಲಿ ಕೇಳಿ, ಎದ್ದು ನಿಂತು, "ಇಲ್ಲಿ ಕೆಟ್ಟಿದೆ" ಎಂದು ಧೈರ್ಯವಾಗಿ ಹೇಳಿದವನಿಗೇ ಟ್ಯಾಬಿನ ಮೊದಲ ಪೆಟ್ಟಿಗೆ ಬಿಚ್ಚಿಕೊಡುವುದು.

ನಿಮ್ಮ ಶಿಷ್ಯ,
ಕೆಂಪರಾಜು